ಸೀಟು ಯಾವ ಮನೆಗೆ? ದಾವಣಗೆರೆ 2024 ಮತ್ತು ಮಹಿಳಾ ಪ್ರಧಾನಿಯ ಪ್ರಶ್ನೆ

2024ರ ಜೂನ್ ಮೊದಲ ವಾರ. ಜೂನ್ 2ರಂದು ಮೆಕ್ಸಿಕೊದಲ್ಲಿ ಅಧ್ಯಕ್ಷ ಚುನಾವಣೆ ನಡೆದು ಕ್ಲಾಡಿಯಾ ಶೈನ್‌ಬಾಮ್ ಗೆದ್ದರು. ಎರಡನೇ ಸ್ಥಾನಕ್ಕೆ ಬಂದ ಸೊಚಿಟ್ಲ್ ಗಾಲ್ವೆಸ್ ಕೂಡ ಮಹಿಳೆ. ಜೂನ್ 4ರಂದು ದಾವಣಗೆರೆ ಲೋಕಸಭಾ ಕ್ಷೇತ್ರದ ಎಣಿಕೆ ಮುಗಿಯಿತು. ಕಾಂಗ್ರೆಸ್‌ನ ಡಾ. ಪ್ರಭಾ ಮಲ್ಲಿಕಾರ್ಜುನ್ ಅವರಿಗೆ 6,33,059 ಮತ. ಬಿಜೆಪಿಯ ಗಾಯತ್ರಿ ಸಿದ್ದೇಶ್ವರ ಅವರಿಗೆ 6,06,965. ಅಂತರ 26,094. ಎರಡೂ ಕಡೆ ಮೂರನೇ ಸ್ಥಾನದಲ್ಲಿ ಮಾತ್ರ ಒಬ್ಬ ಗಂಡಸು. ಅಲ್ಲಿ ಹೋರ್ಹೆ ಮೈನೆಸ್, ಇಲ್ಲಿ ಪಕ್ಷೇತರ ಜಿ.ಬಿ. ವಿನಯ್ ಕುಮಾರ್.

ಅಲ್ಲಿ ಗೆದ್ದವರು ದೇಶದ ಚುಕ್ಕಾಣಿ ಹಿಡಿದರು. ಇಲ್ಲಿ ಗೆದ್ದವರು 543 ಸದಸ್ಯರಲ್ಲಿ ಒಬ್ಬರಾದರು. ಇವೆರಡನ್ನೂ ಪಕ್ಕಪಕ್ಕ ಇಡೋದು ಜಾಸ್ತಿಯಾಯ್ತು ಅನ್ನಿಸಬಹುದು. ಆದರೆ ನಮ್ಮಲ್ಲಿ ಪ್ರಧಾನಿಯನ್ನು ಜನ ನೇರವಾಗಿ ಆರಿಸುವುದಿಲ್ಲ. ಲೋಕಸಭೆಯಲ್ಲಿ ಬಹುಮತ ಇದ್ದವರು ಪ್ರಧಾನಿ ಆಗುತ್ತಾರೆ. ನಮ್ಮ ರಾಜ್ಯದ ದೇವೇಗೌಡರಂತೂ 1996ರಲ್ಲಿ ಪ್ರಧಾನಿಯಾದಾಗ ಲೋಕಸಭೆಯ ಸದಸ್ಯರೂ ಆಗಿರಲಿಲ್ಲ, ಆಮೇಲೆ ರಾಜ್ಯಸಭೆಗೆ ಹೋದರು. ಅಂಥ ಅಪರೂಪಗಳನ್ನು ಬಿಟ್ಟರೆ ದೆಹಲಿಯ ದೊಡ್ಡ ಕುರ್ಚಿಗೆ ಹೋಗುವ ದಾರಿ ಜಗಳೂರು, ಹೊನ್ನಾಳಿ, ಚನ್ನಗಿರಿಯಂಥ ಊರುಗಳ ಮೂಲಕವೇ ಹಾದು ಹೋಗುತ್ತದೆ. ಹಾಗಾಗಿ ‘ಇನ್ನೊಬ್ಬ ಮಹಿಳೆ ಪ್ರಧಾನಿ ಆಗಬಹುದಾ?’ ಎಂಬ ಪ್ರಶ್ನೆಯನ್ನು ದಾವಣಗೆರೆಯಲ್ಲಿ ನಿಂತು ಕೇಳಿದರೆ ಉತ್ತರ ಸ್ವಲ್ಪ ಬೇರೆಯಾಗಿ ಕಾಣುತ್ತದೆ.

ಕ್ಷೇತ್ರದ ಹಿನ್ನೆಲೆ

ದಾವಣಗೆರೆ ಲೋಕಸಭಾ ಕ್ಷೇತ್ರದ ಮೊದಲ ಚುನಾವಣೆ 1977ರಲ್ಲಿ ನಡೆಯಿತು. ಆಗ ಗೆದ್ದವರು ಕೊಂಡಜ್ಜಿ ಬಸಪ್ಪ. ಊರು ಆಗಿನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರಲ್ಲಿ, ಪ್ರತ್ಯೇಕ ಜಿಲ್ಲೆಯಾಯಿತು. 1977ರಿಂದ 2019ರವರೆಗೆ ಇಲ್ಲಿಂದ ಗೆದ್ದವರೆಲ್ಲ ಗಂಡಸರೇ.

ಅದಕ್ಕಿಂತ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. 1996ರಿಂದ ಈಚೆಗೆ ಗೆದ್ದವರೆಲ್ಲ ಎರಡೇ ಮನೆಯವರು. 1996ರಲ್ಲಿ ಬಿಜೆಪಿಯ ಜಿ. ಮಲ್ಲಿಕಾರ್ಜುನಪ್ಪ. 1998ರಲ್ಲಿ ಕಾಂಗ್ರೆಸ್‌ನ ಶಾಮನೂರು ಶಿವಶಂಕರಪ್ಪ. 1999ರಲ್ಲಿ ಮತ್ತೆ ಮಲ್ಲಿಕಾರ್ಜುನಪ್ಪ. 2004ರಿಂದ ಸತತ ನಾಲ್ಕು ಸಲ ಅವರ ಮಗ ಜಿ.ಎಂ. ಸಿದ್ದೇಶ್ವರ. ಅದರಲ್ಲಿ 2004, 2009, 2014ರಲ್ಲಿ ಸೋತವರು ಶಾಮನೂರು ಅವರ ಮಗ ಎಸ್.ಎಸ್. ಮಲ್ಲಿಕಾರ್ಜುನ್. 2009ರಲ್ಲಿ ಅಂತರ ಬರೀ ಎರಡು ಸಾವಿರದ ಆಸುಪಾಸು. ಒಂದು ಮನೆಗೆ ಬಾಪೂಜಿ ವಿದ್ಯಾಸಂಸ್ಥೆಯ ಬಲ, ಇನ್ನೊಂದಕ್ಕೆ ಭೀಮಸಮುದ್ರದ ಅಡಿಕೆ ವ್ಯಾಪಾರ ಮತ್ತು ಜಿಎಂ ಕಾಲೇಜುಗಳ ಬಲ. ಊರಲ್ಲಿ ಚುನಾವಣೆ ಮಾತು ಬಂದರೆ ಜನ ಪಕ್ಷದ ಹೆಸರನ್ನು ಆಮೇಲೆ ಹೇಳುತ್ತಾರೆ. ಮೊದಲು ಬರುವುದು ಎಸ್ಸೆಸ್ಸು, ಜಿಎಮ್ಮು.

2024ರಲ್ಲಿ ಬಿಜೆಪಿ ಸಿದ್ದೇಶ್ವರ ಅವರಿಗೆ ಐದನೇ ಸಲ ಟಿಕೆಟ್ ಕೊಡಲಿಲ್ಲ. ಈ ಮನೆಗೆ ಮತ್ತೆ ಬೇಡ ಎಂದು ಜಿಲ್ಲೆಯ ಕೆಲವು ಬಿಜೆಪಿ ಮುಖಂಡರು ಬಹಿರಂಗವಾಗಿಯೇ ಹೇಳುತ್ತಿದ್ದರು. ಪಕ್ಷ ಹುಡುಕಿದ ದಾರಿ ಏನು? ಟಿಕೆಟ್ ಅದೇ ಮನೆಗೆ, ಆದರೆ ಹೆಂಡತಿಯ ಹೆಸರಿಗೆ. ಕಾಂಗ್ರೆಸ್‌ನಲ್ಲಿ ಎಸ್.ಎಸ್. ಮಲ್ಲಿಕಾರ್ಜುನ್ ಆಗಲೇ ರಾಜ್ಯದಲ್ಲಿ ಮಂತ್ರಿ. ಅವರ ತಂದೆ ಶಾಸಕ. ಹಾಗಾಗಿ ಆ ಕಡೆಯೂ ಟಿಕೆಟ್ ಅದೇ ಮನೆಯ ಸೊಸೆಗೆ ಬಂತು. ಪ್ರಭಾ ದಂತವೈದ್ಯೆ. ಸಮಾಜಸೇವೆಯ ಕೆಲಸಗಳಲ್ಲಿ ಊರಿಗೆ ಪರಿಚಿತರು. ಇಬ್ಬರಿಗೂ ಇದೇ ಮೊದಲ ಚುನಾವಣೆ.

ಮಹಿಳೆಯರು ಮುಂದೆ ಬಂದರು ಎಂದು ಆಗ ಎರಡೂ ಪಕ್ಷಗಳು ಹೇಳಿಕೊಂಡವು. ಸುಳ್ಳಲ್ಲ. ಆದರೆ ಮನೆಯಲ್ಲಿ ಸ್ಪರ್ಧಿಸಬಹುದಾದ ಗಂಡಸರ ಸರದಿ ಮುಗಿದಾಗ ಅಥವಾ ಬೇರೆ ಕಡೆ ಕುರ್ಚಿ ಸಿಕ್ಕಾಗ ಬಾಗಿಲು ತೆರೆಯಿತು ಎಂಬುದೂ ಸುಳ್ಳಲ್ಲ.

ಅಡುಗೆಮನೆ ಮಾತು

ಮಾರ್ಚ್ ಕೊನೆಯಲ್ಲಿ ಒಂದು ಸಭೆ. ಕಾಂಗ್ರೆಸ್‌ನ ಹಿರಿಯ ಶಾಸಕ ಶಾಮನೂರು ಶಿವಶಂಕರಪ್ಪ ಮಾತಾಡುತ್ತಾ, ಬಿಜೆಪಿ ಅಭ್ಯರ್ಥಿಗೆ ಅಡುಗೆ ಮಾಡುವುದಷ್ಟೇ ಗೊತ್ತು, ಜನರ ಮುಂದೆ ಮಾತಾಡುವ ಶಕ್ತಿ ಇಲ್ಲ ಎಂಬರ್ಥದಲ್ಲಿ ಹೇಳಿಬಿಟ್ಟರು. ಅವರಿಗೆ ಆಗ ತೊಂಬತ್ತು ದಾಟಿತ್ತು. ಮಾತು ದೇಶದ ತುಂಬ ಸುದ್ದಿಯಾಯಿತು. ಬ್ಯಾಡ್ಮಿಂಟನ್ ಆಟಗಾರ್ತಿ ಸೈನಾ ನೆಹ್ವಾಲ್ ಕೂಡ ಖಂಡಿಸಿದರು. ಬಿಜೆಪಿ ಚುನಾವಣಾ ಆಯೋಗಕ್ಕೆ ದೂರು ಕೊಟ್ಟಿತು. ಇವತ್ತು ಹೆಣ್ಣುಮಕ್ಕಳು ಯಾವ ಕೆಲಸದಲ್ಲಿ ಇಲ್ಲ ಎಂದು ಗಾಯತ್ರಿ ತಿರುಗಿ ಕೇಳಿದರು.

ಈ ಮಾತನ್ನು ‘ಹಳೇ ತಲೆಮಾರಿನವರ ಬಾಯಿ’ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಈ ಮಾತು ಬಂದದ್ದು ಸೊಸೆಯನ್ನೇ ಕಣಕ್ಕೆ ಇಳಿಸಿದ್ದ ಮಾವನ ಬಾಯಿಂದ. ತಮ್ಮ ಮನೆಯ ಹೆಣ್ಣುಮಗಳು ಸಂಸತ್ತಿಗೆ ಹೋಗಬಹುದು, ಎದುರು ಮನೆಯ ಹೆಣ್ಣುಮಗಳು ಅಡುಗೆಮನೆಗೇ ಸರಿ. ಅಂದರೆ ಇಲ್ಲಿ ಹೆಣ್ಣಿನ ಯೋಗ್ಯತೆ ಅಳೆದದ್ದು ಅವಳು ಯಾರು ಅಂತಲ್ಲ, ಯಾವ ಮನೆಯವಳು ಅಂತ. ಇಡೀ ಪ್ರಕರಣದ ಬೀಗದ ಕೈ ಇದೇ ಎಂದು ನನ್ನ ಅಭಿಪ್ರಾಯ. ಎದುರಾಳಿ ಗಂಡಸಾಗಿದ್ದರೆ ‘ಮಾತಾಡಲು ಬರಲ್ಲ’ ಎಂದಷ್ಟೇ ಹೇಳಿ ಬಿಡುತ್ತಿದ್ದರು, ಅಲ್ವಾ? ನಾಲ್ಕು ಸಲ ಗೆದ್ದ ಸಿದ್ದೇಶ್ವರ ದೊಡ್ಡ ಭಾಷಣಕಾರರೇನೂ ಆಗಿರಲಿಲ್ಲ. ಅದಕ್ಕಾಗಿ ಅವರನ್ನು ಯಾರೂ ಒಲೆಯ ಮುಂದೆ ಕೂರಿಸಲಿಲ್ಲ.

ಹಾಗಂತ ಈ ಮಾತಿನಿಂದ ಮತ ಕೆಳಗೆ ಮೇಲೆ ಆಯಿತೇ? ಫಲಿತಾಂಶ ನೋಡಿದರೆ ಹಾಗೆ ಕಾಣುವುದಿಲ್ಲ. ಆ ಮಾತಾಡಿದವರ ಸೊಸೆಯೇ ಗೆದ್ದರು.

ಮತದಾರ ಏನು ನೋಡಿದ

ಮೇ 7ರಂದು ಮತದಾನ. ಅದಕ್ಕೆ ಮುಂಚೆ ಹೋಟೆಲು, ಕಟ್ಟೆ, ಅಡಿಕೆ ಮಂಡಿಗಳಲ್ಲಿ ನಡೆದ ಚರ್ಚೆಯಲ್ಲಿ ‘ಹೆಂಗಸಿಗೆ ವೋಟು ಹಾಕೋದಾ?’ ಎಂಬ ಪ್ರಶ್ನೆಯೇ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಏಕೆಂದರೆ ಗೆಲ್ಲುವ ಇಬ್ಬರೂ ಹೆಂಗಸರೇ. ಜನ ಮಾತಾಡಿದ್ದು ಮಾಮೂಲಿ ವಿಷಯಗಳನ್ನೇ. ಭದ್ರಾ ನಾಲೆಯ ಕೊನೇ ಭಾಗಕ್ಕೆ ನೀರು ಬರುತ್ತಾ? ಮೋದಿ ಮತ್ತೆ ಬರಬೇಕಾ? ಗೃಹಲಕ್ಷ್ಮಿಯ ಎರಡು ಸಾವಿರ, ಬಸ್ಸಿನ ಉಚಿತ ಟಿಕೆಟ್ ಯಾರಿಂದ ಬಂತು? ಇಬ್ಬರೂ ಲಿಂಗಾಯತರು, ಉಳಿದ ಜಾತಿಯವರು ಯಾವ ಕಡೆ? ಕಾಂಗ್ರೆಸ್ ಟಿಕೆಟ್ ಕೇಳಿ ಸಿಗದೆ ಪಕ್ಷೇತರರಾಗಿ ನಿಂತ ವಿನಯ್ ಕುಮಾರ್ ಎಷ್ಟು ಮತ ಕೀಳುತ್ತಾರೆ? ಅವರು 40 ಸಾವಿರಕ್ಕೂ ಹೆಚ್ಚು ಮತ ತೆಗೆದರು, ಅಂದರೆ ಗೆಲುವಿನ ಅಂತರಕ್ಕಿಂತ ಜಾಸ್ತಿ.

ಕ್ಷೇತ್ರದ ಎಂಟು ವಿಧಾನಸಭಾ ಸೀಟುಗಳಲ್ಲಿ ಬಿಜೆಪಿ ಕೈಯಲ್ಲಿದ್ದದ್ದು ಹರಿಹರ ಒಂದೇ. ಅಷ್ಟಾದರೂ ಕಾಂಗ್ರೆಸ್ ಗೆದ್ದದ್ದು 26 ಸಾವಿರದಲ್ಲಿ. ಒಟ್ಟಿನಲ್ಲಿ ಇದು ಯಾವ ವಿಶೇಷವೂ ಇಲ್ಲದ, ಬಿಗಿಯಾದ, ಮಾಮೂಲಿ ಚುನಾವಣೆ. ವಿಶೇಷ ಇಲ್ಲದಿರುವುದೇ ಇಲ್ಲಿ ಮುಖ್ಯ. ಹನ್ನೆರಡು ಲಕ್ಷಕ್ಕೂ ಹೆಚ್ಚು ಜನ ಹೆಣ್ಣುಮಕ್ಕಳಿಬ್ಬರಿಗೆ ಮತ ಹಾಕಿದರು. ಯಾರಿಗೂ ಅದು ತ್ಯಾಗ ಅಥವಾ ಕ್ರಾಂತಿ ಎನ್ನಿಸಲಿಲ್ಲ.

ಇದು ಈ ಭಾಗಕ್ಕೆ ಹೊಸದೂ ಅಲ್ಲ. ಮಾಯಕೊಂಡದಿಂದ ಗೆದ್ದ ನಾಗಮ್ಮ ಕೇಶವಮೂರ್ತಿ ಮಂತ್ರಿಯೂ ಆಗಿದ್ದರು. ಪಕ್ಕದ ಚಿಕ್ಕಮಗಳೂರಿನಲ್ಲಿ 1978ರ ನವೆಂಬರ್‌ನಲ್ಲಿ ನಡೆದದ್ದನ್ನು ಹಿರಿಯರು ಇನ್ನೂ ಹೇಳುತ್ತಾರೆ. ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಗಾಗಿ ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು. ಎದುರಿಗೆ ವೀರೇಂದ್ರ ಪಾಟೀಲರಂಥ ಘಟಾನುಘಟಿ. ಇಂದಿರಾ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಒಂದೂವರೆ ವರ್ಷ ಕಳೆಯುವುದರೊಳಗೆ, 1980ರ ಜನವರಿಯಲ್ಲಿ, ಮತ್ತೆ ಪ್ರಧಾನಿಯಾದರು. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರುಬದುರಾದರು. ಸುಷ್ಮಾ ಕನ್ನಡ ಕಲಿತು ಭಾಷಣ ಮಾಡಿದರು, 56,100 ಮತಗಳಿಂದ ಸೋತರು. ಐದು ವರ್ಷದ ನಂತರ ಪ್ರಧಾನಿ ಹುದ್ದೆ ಸೋನಿಯಾ ಕೈಗೆಟುಕುವಷ್ಟು ಹತ್ತಿರ ಬಂದಾಗ ಅವರೇ ಬೇಡವೆಂದರು. ನಮ್ಮ ಸುತ್ತಲಿನ ಎರಡು ಜಿಲ್ಲೆಗಳು ದೇಶದ ಅತ್ಯುನ್ನತ ಹುದ್ದೆಯ ಆಸುಪಾಸಿನ ಹೆಣ್ಣುಮಕ್ಕಳನ್ನು ಗೆಲ್ಲಿಸಿ ಕಳಿಸಿವೆ. ಮತದಾರನ ಮೇಲೆ ತಪ್ಪು ಹೊರಿಸುವುದು ಇಲ್ಲಿ ಅಷ್ಟು ಸುಲಭವಲ್ಲ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 2024ರಲ್ಲಿ ಒಟ್ಟು 8,360 ಅಭ್ಯರ್ಥಿಗಳಲ್ಲಿ ಮಹಿಳೆಯರು ಸುಮಾರು 800. ಹತ್ತಕ್ಕೆ ಒಬ್ಬರೂ ಇಲ್ಲ. ಗೆದ್ದವರು 74. 2019ರಲ್ಲಿ 78 ಇತ್ತು, ಅದಕ್ಕಿಂತಲೂ ಇಳಿಯಿತು. ಮತ ಹಾಕಲು ಬಂದ ಪ್ರಮಾಣದಲ್ಲಿ ಮಾತ್ರ ಹೆಂಗಸರು ಗಂಡಸರಿಗಿಂತ ಒಂದು ಕೂದಲೆಳೆ ಮುಂದೆ. ಕರ್ನಾಟಕದ 28 ಸೀಟುಗಳಲ್ಲಿ ಕಾಂಗ್ರೆಸ್ ಆರು ಮಹಿಳೆಯರಿಗೆ, ಬಿಜೆಪಿ ಇಬ್ಬರಿಗೆ ಟಿಕೆಟ್ ಕೊಟ್ಟವು. ಗೆದ್ದವರು ಮೂವರು: ಪ್ರಭಾ, ಚಿಕ್ಕೋಡಿಯ ಪ್ರಿಯಾಂಕಾ ಜಾರಕಿಹೊಳಿ, ಬೆಂಗಳೂರು ಉತ್ತರದ ಶೋಭಾ ಕರಂದ್ಲಾಜೆ. ಈ ಮೂವರಲ್ಲಿ ಮನೆತನದ ನೆರಳಿಲ್ಲದೆ ಬಂದವರು ಶೋಭಾ ಒಬ್ಬರೇ. ಅವರ ರಾಜಕೀಯ ಒಪ್ಪದವರೂ ಈ ಒಂದು ಸಂಗತಿಯನ್ನು ಒಪ್ಪಬೇಕಾಗುತ್ತದೆ.

ಎರಡು ಮನೆಯ ಹೊರಗೆ

ಹಾಗಾದರೆ ಮನೆತನ ಇಲ್ಲದ ಹೆಣ್ಣುಮಗಳು ಏನು ಮಾಡಬೇಕು? ದಾವಣಗೆರೆ ಜಿಲ್ಲೆಯಲ್ಲೇ ನೋಡೋಣ.

ಪಂಚಾಯ್ತಿಗಳಲ್ಲಿ ಮಹಿಳೆಯರಿಗೆ ಸೀಟು ಮೀಸಲಿಡುವ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ ಮೊದಲೇ ಎದ್ದ ರಾಜ್ಯ. ರಾಮಕೃಷ್ಣ ಹೆಗಡೆ ಸರ್ಕಾರ, ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬ್ ಅವರ ಓಡಾಟ, 1983ರ ಕಾನೂನು, 1987ರ ಚುನಾವಣೆ. ಆಗಲೇ ಮಂಡಲ ಪಂಚಾಯ್ತಿ ಮತ್ತು ಜಿಲ್ಲಾ ಪರಿಷತ್ತಿನಲ್ಲಿ ನಾಲ್ಕನೇ ಒಂದು ಭಾಗ ಮಹಿಳೆಯರಿಗೆ. ಆಮೇಲೆ ಸಂವಿಧಾನದ 73ನೇ ತಿದ್ದುಪಡಿಯಿಂದ ಮೂರನೇ ಒಂದು ಭಾಗ. 2010ರಲ್ಲಿ ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. ದಾವಣಗೆರೆ ಜಿಲ್ಲಾ ಪಂಚಾಯ್ತಿ ಅಧ್ಯಕ್ಷೆಯರಾಗಿ ಹಲವು ಮಹಿಳೆಯರು ಕೂತರು. ನಗರದ ಮೇಯರ್ ಕುರ್ಚಿಯಲ್ಲೂ ಕೂತರು. ಗ್ರಾಮ ಪಂಚಾಯ್ತಿಗಳಲ್ಲಿ ಆದವರನ್ನು ಲೆಕ್ಕ ಇಡುವುದೇ ಕಷ್ಟ. ಗಂಡ ಬಂದು ಹೆಂಡತಿಯ ಕುರ್ಚಿ ಪಕ್ಕ ಕೂತು ಮಾತಾಡುವುದೂ ಇತ್ತು, ಈಗಲೂ ಇದೆ. ಆದರೆ ಎರಡನೇ ಅವಧಿಗೆ ಬಂದಾಗ ಗಂಡನನ್ನು ಹೊರಗೆ ಕೂರಿಸಿ, ಪಿಡಿಒಗೆ ತಾನೇ ಫೋನ್ ಮಾಡಿ ಬಿಲ್ ಯಾಕೆ ತಡ ಆಯಿತು ಎಂದು ಗದರಿಸುವ ಅಧ್ಯಕ್ಷೆಯರೂ ಈ ಜಿಲ್ಲೆಯಲ್ಲಿದ್ದಾರೆ. ರಾಜಕೀಯ ಕಲಿಯುವುದು ಹಾಗೆಯೇ.

ಇವರಲ್ಲಿ ಒಬ್ಬರೂ ದೊಡ್ಡ ಪಕ್ಷದ ಲೋಕಸಭೆ ಟಿಕೆಟ್‌ವರೆಗೆ ಬರಲಿಲ್ಲ. 2023ರಲ್ಲಿ 224 ಸದಸ್ಯರ ವಿಧಾನಸಭೆಗೆ ಗೆದ್ದ ಮಹಿಳೆಯರು ಹತ್ತು. ಅದರಲ್ಲಿ ಒಬ್ಬರು ನಮ್ಮ ಲೋಕಸಭಾ ಕ್ಷೇತ್ರದ್ದೇ ಆದ ಹರಪನಹಳ್ಳಿಯ ಲತಾ ಮಲ್ಲಿಕಾರ್ಜುನ್. ಪಕ್ಷೇತರರಾಗಿ ನಿಂತು ಗೆದ್ದರು. ಬಹಳ ಧೈರ್ಯದ ಕೆಲಸ. ಆದರೆ ಅವರೂ ಉಪಮುಖ್ಯಮಂತ್ರಿಯಾಗಿದ್ದ ಎಂ.ಪಿ. ಪ್ರಕಾಶ್ ಅವರ ಮಗಳು. ಪಕ್ಷದ ವಿರುದ್ಧ ಬಂಡಾಯ ಏಳಬೇಕಾದರೂ ತವರಿನ ಹೆಸರು ಇದ್ದರೆ ಅನುಕೂಲ ಎಂದಾಯಿತು.

ಮಧ್ಯದಲ್ಲಿ ಇರಬೇಕಾದ ಮೆಟ್ಟಿಲು ಈಗ ಇಲ್ಲವೇ ಇಲ್ಲ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯ್ತಿಗಳಿಗೆ 2016ರಲ್ಲಿ ಚುನಾವಣೆ ಆಗಿತ್ತು. 2021ರಲ್ಲಿ ಅವಧಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಟ್ಟಲೆ ಎಳೆದಾಡಿದರು. ಬಿಜೆಪಿ ಸರ್ಕಾರವೂ ಮಾಡಲಿಲ್ಲ, ಕಾಂಗ್ರೆಸ್ ಸರ್ಕಾರವೂ ಅವಸರ ತೋರಲಿಲ್ಲ. ಮನೆತನ ಇದ್ದವರಿಗೆ ಇದರಿಂದ ನಷ್ಟ ಇಲ್ಲ, ಅವರು ನೇರವಾಗಿ ಮಹಡಿಗೆ ಹೋಗುತ್ತಾರೆ. ನಷ್ಟ ಆಗುವುದು ಹಳ್ಳಿಯಲ್ಲಿ ಎರಡು ಸಲ ಗೆದ್ದು, ಇನ್ನು ಜಿಲ್ಲಾ ಪಂಚಾಯ್ತಿಗೆ ನಿಲ್ಲೋಣ ಎಂದು ಕಾದವರಿಗೆ. ಐದು ವರ್ಷ ಸುಮ್ನೆ ಕೂತರೆ ಕಾರ್ಯಕರ್ತರು ಬೇರೆ ನಾಯಕರನ್ನು ಹುಡುಕಿಕೊಳ್ಳುತ್ತಾರೆ. ಮಹಿಳಾ ಪ್ರಧಾನಿಯ ಬಗ್ಗೆ ಟಿವಿಯಲ್ಲಿ ಚರ್ಚೆ ಮಾಡುವವರು ಈ ತಾಲ್ಲೂಕು ಪಂಚಾಯ್ತಿ ಚುನಾವಣೆಯ ಮಾತೆತ್ತುವುದನ್ನು ನಾನು ಕೇಳಿಲ್ಲ.

ಮೆಕ್ಸಿಕೊ ಮಾಡಿದ್ದು

ಮೆಕ್ಸಿಕೊ ಗಂಡಾಳ್ವಿಕೆಗೆ ಹೆಸರಾದ ದೇಶ. ಅಲ್ಲಿ ಹೆಂಗಸರಿಗೆ ಅಧ್ಯಕ್ಷ ಚುನಾವಣೆಯಲ್ಲಿ ಮತ ಹಾಕುವ ಅವಕಾಶ ಸಿಕ್ಕಿದ್ದೇ ನಮಗಿಂತ ತಡವಾಗಿ, 1950ರ ದಶಕದಲ್ಲಿ. ಆದರೆ 2014ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು, ಸಂಸತ್ತಿಗೆ ಪಕ್ಷಗಳು ನಿಲ್ಲಿಸುವ ಅಭ್ಯರ್ಥಿಗಳಲ್ಲಿ ಅರ್ಧ ಮಹಿಳೆಯರಿರಬೇಕು ಎಂದರು. 2019ರಲ್ಲಿ ಸರ್ಕಾರದ ಉಳಿದ ಅಂಗಗಳಿಗೂ ಅದನ್ನು ವಿಸ್ತರಿಸಿದರು. ಗಮನಿಸಿ, ಅವರು ಹಿಡಿದದ್ದು ಟಿಕೆಟ್ಟನ್ನೇ. ಹತ್ತು ವರ್ಷದೊಳಗೆ ಸಂಸತ್ತು ಅರ್ಧ ಅರ್ಧ ಆಯಿತು. ಶೈನ್‌ಬಾಮ್ ವಿಜ್ಞಾನಿ, 2018ರಿಂದ ರಾಜಧಾನಿ ಮೆಕ್ಸಿಕೊ ನಗರದ ಆಡಳಿತ ನಡೆಸಿದವರು. ಸುಮಾರು 60 ಪರ್ಸೆಂಟ್ ಮತ ಪಡೆದು ಗೆದ್ದರು. ಹಿಂದಿನ ಅಧ್ಯಕ್ಷ ಲೋಪೆಸ್ ಒಬ್ರಡೋರ್ ಅವರ ಕೃಪೆ ಇತ್ತು ಎನ್ನುವವರಿದ್ದಾರೆ. ಇತ್ತು ಕೂಡ. ಆದರೆ ಶೈನ್‌ಬಾಮ್ ಒಬ್ರಡೋರ್ ಅವರ ಸೊಸೆಯೂ ಅಲ್ಲ, ಮಗಳೂ ಅಲ್ಲ.

ಕೆಳಗೆ ಹೆಂಗಸರು ತುಂಬಿದರೆ ಮೇಲೆ ತಾನಾಗಿ ಒಬ್ಬರು ಬರುತ್ತಾರೆ ಎಂದು ಇದರಿಂದ ಸೂತ್ರ ಮಾಡಿಕೊಳ್ಳುವುದೂ ಕಷ್ಟ. ಬ್ರಿಟನ್‌ನ ಲೇಬರ್ ಪಕ್ಷ ಮಹಿಳೆಯರಿಗೆಂದೇ ಸೀಟುಗಳನ್ನು ಎತ್ತಿಟ್ಟು 1997ರಲ್ಲಿ ನೂರರಷ್ಟು ಮಹಿಳೆಯರನ್ನು ಸಂಸತ್ತಿಗೆ ಕಳಿಸಿತು. ಆದರೆ ಥ್ಯಾಚರ್, ಮೇ, ಟ್ರಸ್, ಈ ಮೂವರು ಮಹಿಳಾ ಪ್ರಧಾನಿಗಳೂ ಎದುರು ಪಕ್ಷದವರು. ಅಮೆರಿಕದಲ್ಲಿ ಇನ್ನೊಂದು ಕತೆ. 2016ರಲ್ಲಿ ಹಿಲರಿ ಕ್ಲಿಂಟನ್ ಎದುರಾಳಿಗಿಂತ 28 ಲಕ್ಷ ಮತ ಹೆಚ್ಚು ಪಡೆದೂ ಅಲ್ಲಿನ ಎಲೆಕ್ಟೋರಲ್ ಕಾಲೇಜ್ ಎಂಬ ರಾಜ್ಯವಾರು ಲೆಕ್ಕದಲ್ಲಿ ಸೋತರು. 2024ರಲ್ಲಿ ಕಮಲಾ ಹ್ಯಾರಿಸ್ ಎರಡೂ ಲೆಕ್ಕದಲ್ಲಿ ಸೋತರು. ಎದುರಿಗೆ ಗಂಡಸಿದ್ದಾಗ ‘ಇವಳು ಗೆಲ್ತಾಳಾ?’ ಎಂಬುದೇ ದೊಡ್ಡ ಪ್ರಶ್ನೆಯಾಗಿ, ನನಗೇನೂ ತೊಂದರೆ ಇಲ್ಲ, ಬೇರೆಯವರು ಹಾಕಲಿಕ್ಕಿಲ್ಲ ಎಂದು ಪ್ರತಿಯೊಬ್ಬರೂ ಅನುಮಾನ ಪಡುತ್ತಾರೆ. ದಾವಣಗೆರೆಯಲ್ಲೂ ಮೆಕ್ಸಿಕೊದಲ್ಲೂ ಆ ಅನುಮಾನಕ್ಕೆ ಜಾಗವೇ ಇರಲಿಲ್ಲ. ಎರಡೂ ಕಡೆ ಮುಖ್ಯ ಅಭ್ಯರ್ಥಿಗಳಿಬ್ಬರೂ ಮಹಿಳೆಯರಾಗಿದ್ದದ್ದೇ ಅದಕ್ಕೆ ಕಾರಣ.

ನಮ್ಮ ವ್ಯವಸ್ಥೆ ಒಂದು ಅರ್ಥದಲ್ಲಿ ಅಮೆರಿಕಕ್ಕಿಂತ ಸಲೀಸು. ಇಲ್ಲಿ ಪ್ರಧಾನಿಯಾಗಲು ಇಡೀ ದೇಶದ ಮುಂದೆ ಒಂಟಿಯಾಗಿ ನಿಲ್ಲಬೇಕಿಲ್ಲ. 1966ರಲ್ಲಿ ಇಂದಿರಾ ಪ್ರಧಾನಿಯಾದದ್ದು ಪಕ್ಷದ ಸಂಸದರ ಮತದಿಂದ, ಮೊರಾರ್ಜಿ ದೇಸಾಯಿಯನ್ನು ಸೋಲಿಸಿ. ಆದರೆ ಅದಕ್ಕೂ ಮೊದಲು ಪಕ್ಷದೊಳಗೆ ಸ್ವಂತ ಗುಂಪು, ಸ್ವಂತ ಜಿಲ್ಲೆ, ಸ್ವಂತ ಜನ ಬೇಕು. ಇಂದಿರಾಗೆ ತಂದೆಯ ಹೆಸರಿತ್ತು. ಮಮತಾ, ಮಾಯಾವತಿ ಅದಿಲ್ಲದೆ ಮುಖ್ಯಮಂತ್ರಿಗಳಾದರು. ಕರ್ನಾಟಕದಲ್ಲಿ ಇನ್ನೂ ಒಬ್ಬ ಮಹಿಳೆಯೂ ಮುಖ್ಯಮಂತ್ರಿಯಾಗಿಲ್ಲ. ಓಬವ್ವನ ಹೆಸರಲ್ಲಿ ಜಯಂತಿ, ಚಿತ್ರದುರ್ಗದಲ್ಲಿ ಕ್ರೀಡಾಂಗಣ ಎಲ್ಲ ಇವೆ. ಅವಳೂ ಪಾಪ, ಗಂಡ ಊಟಕ್ಕೆ ಕೂತಾಗ ಅವನ ಕಾವಲು ಕಾಯಲು ಹೋದವಳು.

ಮುಂದೆ ನೋಡಬೇಕಾದದ್ದು

2023ರ ಸೆಪ್ಟೆಂಬರ್‌ನಲ್ಲಿ ಸಂಸತ್ತು 106ನೇ ತಿದ್ದುಪಡಿ ಒಪ್ಪಿತು. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ. ಆದರೆ ಜನಗಣತಿ ಆಗಬೇಕು, ಆಮೇಲೆ ಕ್ಷೇತ್ರ ಮರುವಿಂಗಡಣೆ ಆಗಬೇಕು, ಆಮೇಲೆ ಜಾರಿ ಎಂದು ಅದರಲ್ಲೇ ಬರೆದರು. ಜಾರಿಯಾದ ದಿನ ಕರ್ನಾಟಕದ ಎಲ್ಲ ಪಕ್ಷಗಳೂ ಒಮ್ಮೆಗೇ ಮಹಿಳಾ ಅಭ್ಯರ್ಥಿಗಳನ್ನು ಹುಡುಕಬೇಕಾಗುತ್ತದೆ. ಆಗ ಅವರು ಎಲ್ಲಿ ಹುಡುಕುತ್ತಾರೆ? ದಾವಣಗೆರೆಯ ಅನುಭವ ನೋಡಿದರೆ ಮೊದಲು ತಮ್ಮದೇ ಮನೆಗಳಲ್ಲಿ.

ಅದರಿಂದ ಏನೂ ಪ್ರಯೋಜನವಿಲ್ಲ ಎನ್ನಲಾರೆ. ಸೊಸೆಯಾಗಿ ಬಂದವರು ಸಂಸದೆಯಾಗಿ ಬೆಳೆದ ಉದಾಹರಣೆಗಳಿವೆ. ಪ್ರಭಾ ಅವರನ್ನೂ ಮುಂದಿನ ಚುನಾವಣೆಯ ಹೊತ್ತಿಗೆ ಜನ ಅವರ ಕೆಲಸದಿಂದಲೇ ಅಳೆಯುತ್ತಾರೆ. ಗಾಯತ್ರಿ ಮೊದಲ ಸಲವೇ ಆರು ಲಕ್ಷ ಮತ ಪಡೆದವರು. ಅವರ ಪಕ್ಷ ಮುಂದಿನ ಸಲ ಅವರನ್ನೇ ಕೇಳುತ್ತದೆಯೋ, ಮನೆಯ ಗಂಡಸರನ್ನು ಕೇಳುತ್ತದೆಯೋ ಎಂಬುದೂ ಒಂದು ಪರೀಕ್ಷೆ. ನಾನು ನೋಡಲು ಕಾಯುತ್ತಿರುವುದು ಮಾತ್ರ ಇನ್ನೊಂದನ್ನು. ತಾಲ್ಲೂಕು, ಜಿಲ್ಲಾ ಪಂಚಾಯ್ತಿ ಚುನಾವಣೆ ಎಂದು ನಡೆಯುತ್ತದೆ, ನಡೆದ ಮೇಲೆ ಜಗಳೂರಿನಿಂದಲೋ ನ್ಯಾಮತಿಯಿಂದಲೋ ಗೆದ್ದು ಬಂದ ಯಾವ ಹೆಣ್ಣುಮಗಳ ಹೆಸರು ವಿಧಾನಸಭೆಯ ಟಿಕೆಟ್ ಪಟ್ಟಿಯಲ್ಲಿ, ಯಾರ ಹೆಂಡತಿ ಎಂಬ ವಿವರಣೆ ಇಲ್ಲದೆ, ಬೆಂಗಳೂರಿಗೆ ಹೋಗುತ್ತದೆ ಎಂಬುದನ್ನು.